ನಮ್ಮ ಕೋವಿಯ ಕಪ್ಪು ಗಜ

ಪುಟ್ಟೂ, ಚಿನ್ನೂ, ಕಳೆದ ರಜೆಯಲ್ಲಿ ಹೊನ್ನಾವರದಿಂದ ಬಂದಾಗ ನೀವಿಬ್ಬರೂ ಬೀಗ ಹಾಕಿದ ಕಪಾಟಿನ ಗಾಜಿಗೆ ಮೂಗು ಒತ್ತಿ ಕೋವಿ ನೋಡುತ್ತ ನಿಂತಿದ್ದಿರಿ. ಕೋವಿಯ ಮರವೆಲ್ಲ ಕಂದು ಬಣ್ಣ, ನಳಿಗೆಯ ಕೆಳಗೆ ಸಿಕ್ಕಿಸಿದ ಕೋಲು ಮಾತ್ರ ಯಾಕೆ ಕಪ್ಪು ಎಂದು ಕೇಳಿದಿರಿ. ನನಗೆ ನಗು ಬಂತು. ಬಂದ ನಗು ನಿಲ್ಲಲಿಲ್ಲ. ಅಜ್ಜಿಗೆ ಎಂತೋ ಆಯಿತು ಎಂದು ಹೆದರಿ ನೀವು ನೀರು ತಂದುಕೊಟ್ಟಿರಿ. ಬಾಯಲ್ಲಿ ಹೇಳಲು ಹೋದರೆ ಈಗಲೂ ಅದೇ ಗತಿ. ಬರೆಯುವಾಗ ನಕ್ಕರೆ ಯಾರಿಗೂ ಕಾಣುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಆ ಕೋಲಿಗೆ ಗಜ ಎನ್ನುತ್ತಾರೆ. ನಮ್ಮದು ಕೇಪಿನ ಕೋವಿ. ಈಗಿನ ಬಂದೂಕಿನ ಹಾಗೆ ತೋಟೆ ಹಾಕಿ ಹೊಡೆಯುವಂಥದ್ದಲ್ಲ. ನಳಿಗೆಯ ಬಾಯಿಂದ ಮೊದಲು ಕಪ್ಪು ಮಸಿ ಸುರಿಯಬೇಕು, ಮಸಿ ಎಂದರೆ ಮದ್ದಿನ ಪುಡಿ. ಅದರ ಮೇಲೆ ತೆಂಗಿನ ನಾರು, ಆಮೇಲೆ ಗುಂಡು, ಮತ್ತೆ ನಾರು. ಇವನ್ನೆಲ್ಲ ಗಜದಿಂದ ಗುದ್ದಿ ತಳದಲ್ಲಿ ಕೂರಿಸಬೇಕು. ಕೊನೆಗೆ ಗಜ ಹೊರಗೆ ತೆಗೆದು, ಹಿಂದುಗಡೆ ತಾಮ್ರದ ಪುಟ್ಟ ಟೊಪ್ಪಿಯಂಥ ಕೇಪು ಇಡಬೇಕು. ಒಂದು ಸಲ ಹೊಡೆದರೆ ಮುಗಿಯಿತು, ಮತ್ತೆ ಎಲ್ಲ ಮೊದಲಿನಿಂದ. ಮನೆಗೆ ಬಂದ ಮೇಲೆ ಬಿಸಿನೀರಲ್ಲಿ ತೊಳೆದು, ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಬೇಕು. ನಿಮ್ಮ ಅಪ್ಪನಿಗೆ ಎಣ್ಣೆ ನೀರು ಹಾಕಿದ್ದಕ್ಕಿಂತ ಹೆಚ್ಚು ಸಲ ನಾನು ಈ ಕೋವಿಗೆ ಹಾಕಿದ್ದೇನೆ.

ಕೋವಿ ನಿಮ್ಮ ಅಜ್ಜನದು. ಗದ್ದೆಗೆ ಬರುವ ಹಂದಿಯನ್ನು ಓಡಿಸಲೆಂದು ಸರ್ಕಾರ ಕೊಟ್ಟ ಲೈಸೆನ್ಸ್. ಅಜ್ಜ ಮಾಳದಲ್ಲಿ, ಅಂದರೆ ಕಂಬದ ಮೇಲೆ ಕಟ್ಟಿದ ಕಾವಲು ಗುಡಿಸಲಿನಲ್ಲಿ ಕೂರುತ್ತಿದ್ದರು. ಅವರಿಗೆ ಕತ್ತಲಲ್ಲಿ ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಕೈಯಲ್ಲಿರುವುದು ಕಾಣುತ್ತಿರಲಿಲ್ಲ. ಹಾಗಾಗಿ ಕೋವಿ ತುಂಬುವುದು ನನ್ನ ಕೆಲಸವಾಯಿತು. ನಾನಾಗ ಹೊಸದಾಗಿ ಮದುವೆಯಾಗಿ ಬಂದವಳು. ಗಂಡನ ಎದುರು ಮಾತಾಡಲು ನಾಚಿಕೆ. ಗಜ ಹೊರಗೆ ತೆಗೆದಾಯಿತೋ ಎಂದು ಅವರು ಪಿಸುಗುಟ್ಟಿದರೆ ನನ್ನ ಗಂಟಲಿಂದ ಸ್ವರವೇ ಹೊರಡುತ್ತಿರಲಿಲ್ಲ. ಆಗ ಗಜವನ್ನು ಮಾಳದ ಹಲಗೆಗೆ ಎರಡು ಸಲ ತಟ್ಟುತ್ತಿದ್ದೆ. ಟಕ್ ಟಕ್. ಗಜ ನನ್ನ ಕೈಲಿದೆ, ಇನ್ನು ಕೇಪು ಇಡಬಹುದು ಎಂದು ಅರ್ಥ. ಮುಂದೆ ಮಾತು ಬಂತು, ನಿಮ್ಮ ಅಪ್ಪ ಹುಟ್ಟಿದ, ಜಗಳ ಆಡುವುದನ್ನೂ ಕಲಿತೆ. ಆದರೆ ಮಾಳದಲ್ಲಿ ಮಾತ್ರ ಕೊನೆಯವರೆಗೂ ಟಕ್ ಟಕ್ಕೇ.

ಅಜ್ಜ ಹೋದ ಮೇಲೆ ಲೈಸೆನ್ಸ್ ನನ್ನ ಹೆಸರಿಗೆ ಬಂತು. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರಬೇಕು. ಊರಿನಲ್ಲಿ ನನಗಿಂತ ಹೆಚ್ಚು ಪೇಟೆ ತಿರುಗಿದ್ದು ಆ ಕೋವಿಯೇ ಇರಬೇಕು.

ಇನ್ನು ನಮ್ಮ ಪಕ್ಕದ ಮನೆಯ ಸೊಸೆಯ ವಿಷಯ. ಅವಳು ನಿಮ್ಮ ಹೊನ್ನಾವರದ ಹತ್ತಿರದ ಕಾಸರಕೋಡಿನವಳು, ದೋಣಿಯವರ ಮನೆಯ ಹುಡುಗಿ. ಗಂಡನಿಗೆ ಕುಮಟೆಯ ಅಂಗಡಿಯಲ್ಲಿ ಕೆಲಸ. ಮನೆಯ ಗದ್ದೆ ಗುಡ್ಡದ ಬುಡದಲ್ಲಿದೆ, ಅಲ್ಲಿಂದ ಅಘನಾಶಿನಿ ಹೊಳೆ ಚೆಂದ ಕಾಣುತ್ತದೆ. ಭತ್ತ ಕೊಯ್ದ ಮೇಲೆ ಅಲ್ಲಿ ಶೇಂಗಾ ಹಾಕುತ್ತಾರೆ. ಹಿಂದಿನ ವರ್ಷ ಇನ್ನೇನು ಕಾಯಿ ಬಲಿಯಿತು ಎನ್ನುವಾಗ ಹಂದಿಗಳು ಬಂದು ಟ್ರ್ಯಾಕ್ಟರ್ ಹೊಡೆದ ಹಾಗೆ ಎಲ್ಲ ಮಗುಚಿ ಹಾಕಿದ್ದವು. ಇವಳ ಅತ್ತೆ ಬೇಸತ್ತಿದ್ದರು. ಓಂ ಬೀಚಿನಲ್ಲಿ ಗೆಸ್ಟ್ ಹೌಸ್ ಇಟ್ಟುಕೊಂಡವರೊಬ್ಬರು ಆ ಗದ್ದೆಯನ್ನು ಬಾಡಿಗೆಗೆ ಕೇಳುತ್ತಿದ್ದರು, ಹೊಳೆ ನೋಡಲು ಬರುವವರಿಗೆ ಟೆಂಟು ಹಾಕುತ್ತಾರಂತೆ. ಈ ಸಲವೂ ಹಂದಿ ತಿಂದರೆ ಗದ್ದೆ ಟೆಂಟಿನವರಿಗೆ ಎಂದು ಅತ್ತೆ ಹೇಳಿಬಿಟ್ಟಿದ್ದರು.

ಸೊಸೆ ಒಂದು ಮಧ್ಯಾಹ್ನ ನಮ್ಮ ಹಿಂದಿನ ಬಾಗಿಲಿಗೆ ಬಂದು ಕೂತಳು. ಕೋವಿ ತುಂಬುವುದನ್ನೂ ಹೊಡೆಯುವುದನ್ನೂ ಕಲಿಸಿ ಎಂದಳು. ಗದ್ದೆ ಹೋದರೆ ಹೋಗಲಿ, ಬಾಡಿಗೆ ಬರುತ್ತದಲ್ಲ ಎಂದು ನಾನು ಸುಮ್ಮನೆ ಅವಳ ಮನಸ್ಸು ನೋಡಲು ಹೇಳಿದೆ.

"ದೊಡ್ಡಮ್ಮ, ನಮ್ಮ ತೌರಲ್ಲಿ ಇವತ್ತು ಬಲೆ ಹಾಕಿದ ಜಾಗ ನಾಳೆಗೆ ಗುರ್ತಾಗೂದಿಲ್ಲ" ಎಂದಳು. "ಇಲ್ಲಿ ನಾ ಇಟ್ಟ ಬೀಜ ಇಟ್ಟಲ್ಲೇ ಮೊಳಕೆ ಒಡಿತದೆ. ದಿನಾ ಬೆಳಿಗ್ಗೆ ಹೋಗಿ ನೋಡೂಕೆ ಒಂದು ಜಾಗ ಅದೆ. ಅದ್ನ ಬಿಡೂಕೆ ನಂಗೆ ಮನಸ್ಸಿಲ್ಲ."

ಆತು ಎಂದೆ.

ಕಾನೂನಿನ ದಾರಿ ಮೊದಲು ನೋಡಿದೆವು. ಬೇಟೆ ಎಂಬುದು ಈಗ ಇಲ್ಲ ಮಕ್ಕಳೇ, ಕಾಡಿನ ಪ್ರಾಣಿಯನ್ನು ಸುಮ್ಮನೆ ಹೊಡೆದರೆ ಜೈಲು. ಬೆಳೆ ತಿನ್ನುವ ಹಂದಿಗೆ ಮಾತ್ರ, ಅರಣ್ಯ ಇಲಾಖೆಯವರು ಬಂದು ನೋಡಿ ಅನುಮತಿ ಕೊಟ್ಟರೆ, ಲೈಸೆನ್ಸ್ ಇದ್ದವರು ಹೊಡೆಯಬಹುದು. ಅವಳ ಗಂಡ ಓಡಾಡಿ ಅನುಮತಿ ತಂದ. ನನ್ನ ಲೈಸೆನ್ಸಿನಲ್ಲಿ ಗದ್ದೆ ಕಾಯುವವಳೆಂದು ಅವಳ ಹೆಸರನ್ನು ಸೇರಿಸಿಕೊಂಡು ಬಂದೆವು.

ಕಲಿಯಲು ಇನ್ನೊಬ್ಬರು ಬಂದರು, ಭಟ್ಕಳದ ಸಾಹೇಬರು. ಅಲ್ಲಿ ಬಟ್ಟೆ ಅಂಗಡಿ ನಡೆಸಿ, ಅದನ್ನು ಮಕ್ಕಳಿಗೆ ಬಿಟ್ಟು, ನಮ್ಮ ಆಚೆಯ ತೋಟ ಕೊಂಡು ಬಾಳೆ ಹಾಕಿದ್ದರು. ಹತ್ತಿಯಂಥ ಬಿಳೀ ಗಡ್ಡ, ಮಂಡಿ ನೋವಿಗೆ ಒಂದು ಬೆತ್ತದ ಕೋಲು. ಅವರಿಗೆ ಲೈಸೆನ್ಸ್ ಸಿಕ್ಕಿತ್ತು, ಕೋವಿ ಇನ್ನೂ ಕೊಂಡಿರಲಿಲ್ಲ. ಬಂದವರೇ ಹಂದಿಯ ಮೇಲೆ ದೂರು ಹೇಳಿಕೊಂಡರು.

"ನಮ್ಗೆ ಅದನ್ನ ತಿನ್ನೂಕೂ ಇಲ್ಲ, ಮುಟ್ಟೂಕೂ ಇಲ್ಲ. ಅದು ಮಾತ್ರ ನಮ್ದು ಬಾಳೆ ಎಲ್ಲಾ ತಿಂತದೆ. ಇದೆಂತ ನ್ಯಾಯ ಅಕ್ಕಾ?"

ನಾನು ಬಾಗಿಲ ಹಿಂದೆ ಸೇರಿಕೊಂಡು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಹೊರಗಿನ ಗಂಡಸರ ಎದುರು ಬರುವ ಅಭ್ಯಾಸ ಆಗ ನನಗಿರಲಿಲ್ಲ. ನಗುವುದಂತೂ ಇರಲೇ ಇಲ್ಲ.

ಮೊದಲ ಪಾಠಗಳಿಗೆ ಕೋವಿ ಮುಟ್ಟಿಸಲಿಲ್ಲ. ಸಾಹೇಬರು ತೋಟಕ್ಕೆ ನೀರು ಬಿಡುವ ಪಿವಿಸಿ ಪೈಪಿನ ತುಂಡೊಂದನ್ನು ತಂದರು, ಒಂದು ತುದಿಗೆ ಮುಚ್ಚಳ ಹಾಕಿದ್ದು. ಅದೇ ನಳಿಗೆ. ಮಸಿಯ ಬದಲು ಬೂದಿ, ಗುಂಡಿನ ಬದಲು ಅಡಿಕೆ. ನಾನು ಬಾಗಿಲ ಸಂದಿಯಿಂದ ಸೊಸೆಗೆ ಹೇಳುವುದು, ಅವಳು ಅಂಗಳದಲ್ಲಿ ಸಾಹೇಬರಿಗೆ ಹೇಳುವುದು, ಹೀಗೆ ನಡೆಯಿತು. ಸಾಹೇಬರಿಗೆ ಬಟ್ಟೆ ಅಳೆದ ಕೈ. ನಾರನ್ನೂ ಬೆರಳಿನಲ್ಲಿ ಅಳೆದು, ಮಡಿಸಿ, ಅಂಚು ಕೂಡಿಸಿ ಪೈಪಿಗೆ ಇಳಿಸುತ್ತಿದ್ದರು. ಸೊಸೆಗೆ ಹಗ್ಗ ಹೊಸೆದ ಕೈ. ಅವಳು ನಾರನ್ನು ಹೊಸೆದು ಗಂಟು ಹಾಕುತ್ತಿದ್ದಳು. ಒಬ್ಬರದು ಜಾರಿ ಬೀಳುತ್ತಿತ್ತು, ಇನ್ನೊಬ್ಬರದು ಸಿಕ್ಕಿಕೊಂಡರೆ ಬರುತ್ತಿರಲಿಲ್ಲ. ಸಿಕ್ಕಿಕೊಂಡಿದ್ದನ್ನು ಬಿಡಿಸಲು ಸಾಹೇಬರು ಪೈಪಿಗೆ ಬಾಯಿ ಇಟ್ಟು ಊದಿದರು. ಬೂದಿ ಹಿಂದಕ್ಕೆ ಹಾರಿ ಅವರ ಗಡ್ಡ, ಹುಬ್ಬು, ಕನ್ನಡಕ ಎಲ್ಲ ಒಂದೇ ಬಣ್ಣವಾಯಿತು. ಅವರು ಅಷ್ಟೇ ಗಂಭೀರವಾಗಿ ಕನ್ನಡಕ ತೆಗೆದು ಒರೆಸಿಕೊಂಡರು. ಕನ್ನಡಕ ಇದ್ದಲ್ಲಿ ಮಾತ್ರ ಮುಖ ಉಳಿದಿತ್ತು. ನಾನು ಬಾಗಿಲ ಹಿಂದೆ ಕೂತವಳು ನಗುತ್ತ ನಗುತ್ತ ಹೊಸ್ತಿಲ ಆಚೆಗೆ ಬಿದ್ದೇ ಬಿಟ್ಟೆ. ಆವತ್ತಿನಿಂದ ಬಾಗಿಲ ಹಿಂದೆ ಕೂರುವುದು ನಿಂತಿತು. ಬಿದ್ದವಳನ್ನು ನೋಡಿಯಾದ ಮೇಲೆ ಮರೆ ಎಂತಕ್ಕೆ?

ಸೊಸೆಯ ಅತ್ತೆ ದಿನಾ ಬೇಲಿಯಾಚೆ ನಿಂತು ನೋಡುತ್ತಿದ್ದರು. "ಮೀನು ಹಿಡಿಯೂ ಕೈಗೆ ಕೋವಿ ಕೊಡ್ತೀರಿ. ನಾಳೆ ಹಂದಿಗೆ ಗಾಳ ಹಾಕ್ತಾಳೆ ನೋಡಿ" ಎಂದು ನನಗೆ ಹೇಳಿದರು.

"ಸಿಕ್ಕಿದ್ರೆ ಹಗ್ಗ ನಿಮ್ಮ ಕೈಗೇ ಕೊಡ್ತೆ ಅತ್ತೆ, ನೀವೇ ಎಳೀರಿ" ಎಂದಳು ಇವಳು, ಪೈಪಿನಿಂದ ತಲೆ ಎತ್ತದೆ.

ಆಮೇಲೆ ಕೋವಿ ಹೊರಗೆ ಬಂತು. ಗುಂಡಿಲ್ಲದೆ ಬರೀ ಮಸಿ ತುಂಬಿ, ಗುಡ್ಡದ ಕಲ್ಲುಕ್ವಾರಿಯ ಗೋಡೆಗೆ ಮುಖ ಮಾಡಿ ಹೊಡೆಸಿದೆ. ಮೊದಲ ಸಲ ಸೊಸೆ ಕಣ್ಣು ಮುಚ್ಚಿಕೊಂಡು ಹೊಡೆದಳು. ಗುಂಡಿಲ್ಲ ಎಂದು ಗೊತ್ತಿದ್ದೂ ಸಾಹೇಬರು ತಮ್ಮ ಎದೆ ಮುಟ್ಟಿ ನೋಡಿಕೊಂಡರು. ಈ ಮಸಿಯ ಹೊಗೆ ಬಿಳೀ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ, ಕೊಳೆತ ಮೊಟ್ಟೆಯಂಥ ವಾಸನೆ. ಅದರೊಳಗಿಂದ ಇಬ್ಬರೂ ಕೆಮ್ಮುತ್ತ ನಗುತ್ತ ಹೊರಬಂದರು. ಮೂಗಿನ ತುದಿ ಕಪ್ಪು, ಕಣ್ಣು ಹೊಳಪು, ಇನ್ನೊಂದು ಸಲ ಎಂದು ಹಟ. ಶಾಲೆ ಬಿಟ್ಟ ಮಕ್ಕಳೂ ಹಾಗೆ ಇರುವುದಿಲ್ಲ.

ಟಕ್ ಟಕ್ ಕಲಿಸಿದ್ದೂ ಅಲ್ಲೇ. ತುಂಬಿದವರು ಗಜ ತೆಗೆದು ತಟ್ಟಬೇಕು, ಅದು ಕೇಳದೆ ಹೊಡೆಯುವವರು ಕೇಪಿಗೆ ಕೈ ಹಾಕಬಾರದು. ಗಜ ಒಳಗಿದ್ದಾಗ ಹೊಡೆದರೆ ನಳಿಗೆ ಒಡೆಯಬಹುದು, ಕೈ ಹೋಗಬಹುದು. ಇದನ್ನು ಹೇಳುವಾಗ ಮಾತ್ರ ನಾನು ನಗಲಿಲ್ಲ. ಅವರೂ ನಗಲಿಲ್ಲ.

ಶೇಂಗಾ ಕಾಯಿ ಕಟ್ಟಿತು. ಟೆಂಟಿನವರು ಭಾನುವಾರ ಗದ್ದೆ ಅಳೆಯಲು ಬರುತ್ತಾರೆ, ಬೆಳೆ ಇದ್ದರೆ ನೋಡೋಣ ಎಂದರು ಅತ್ತೆ. ಅದೇ ವಾರ ಗದ್ದೆಯ ಮೂಲೆಯಲ್ಲಿ ಹಂದಿಯ ಗೊರಸು ಕಂಡಿತು.

ಗುರುವಾರ ಬೆಳಕು ಹರಿಯುವ ಮೊದಲು ಮೂವರೂ ಅವಳ ಗದ್ದೆಯ ಮಾಳ ಹತ್ತಿದೆವು. ಕೋವಿ ಸೊಸೆಯ ಕೈಲಿ, ತುಂಬುವುದು ಸಾಹೇಬರು, ನಾನು ಹಿಂದೆ ಕಂಬಳಿ ಹೊದ್ದು ಕೂತಿದ್ದೆ. ಸಾಹೇಬರನ್ನು ಹತ್ತಿಸುವಷ್ಟರಲ್ಲಿ ಏಣಿಯೂ ಅವರ ಮಂಡಿಯೂ ಒಂದೇ ಸ್ವರದಲ್ಲಿ ಕಿರುಗುಟ್ಟಿ ನನಗೆ ಆಗಲೇ ಹೊಟ್ಟೆಯಲ್ಲಿ ನಗು ಏಳುತ್ತಿತ್ತು. ಅವರು ಮಸಿ ಹಾಕಿದರು, ನಾರು ಹಾಕಿದರು, ಗುಂಡು ಹಾಕಿ ಗಜದಿಂದ ಗುದ್ದುತ್ತಿದ್ದರು. ಅಷ್ಟರಲ್ಲಿ ಕೆಳಗೆ ಬೇಲಿಯ ಹತ್ತಿರ ಗುರ್ ಎಂದಿತು. ಮೂಡಣ ಆಗಷ್ಟೇ ಕೆಂಪಾಗಿತ್ತು. ಶೇಂಗಾ ಸಾಲಿನ ತುದಿಯಲ್ಲಿ ಕಪ್ಪು ಬೆನ್ನುಗಳು. ಸೊಸೆ ಹಂದಿಗಳ ಮೇಲಿಟ್ಟ ಕಣ್ಣು ತೆಗೆಯದೆ ಕೋವಿಯನ್ನು ತನ್ನ ಕಡೆಗೆ ಎಳೆದುಕೊಂಡು, ಕಿವಿ ಹಿಂದಕ್ಕೆ ಕೊಟ್ಟು ಕಾದಳು.

ಟಕ್ ಟಕ್ ಎಂದು ಕೇಳಿತು.

ಅವಳು ಕೇಪು ಇಟ್ಟು ಹೊಡೆದಳು.

ಢಮ್ ಎನ್ನುವುದರ ಜೊತೆಗೆ ಸುಂಯ್ ಎಂದು ಏನೋ ಕೂಗಿಕೊಂಡು ಹೋಯಿತು. ಆಮೇಲೆ ದೂರದಲ್ಲಿ ಮಡಿಕೆ ಒಡೆದ ಶಬ್ದ. ಹೊಗೆಯೊಳಗೆ ನಾವು ಮೂವರೂ ಒಬ್ಬರನ್ನೊಬ್ಬರು ತಡಕಾಡಿದೆವು. ಸೊಸೆಯ ಕೈ ಸರಿಯಿತ್ತು, ಕಣ್ಣು ಸರಿಯಿತ್ತು, ನಳಿಗೆಯೂ ಸರಿಯಿತ್ತು. ಅಜ್ಜನ ಕಾಲದ ಗಟ್ಟಿ ಕಬ್ಬಿಣ, ನಮ್ಮ ಪುಣ್ಯ. ಹೊಗೆ ಇಳಿದಾಗ ನೋಡಿದರೆ ಸಾಹೇಬರ ಕೈಲಿ ಬೆತ್ತದ ಕೋಲು. ಹಂದಿ ಕಂಡ ಗಡಿಬಿಡಿಯಲ್ಲಿ ಗಜವನ್ನು ನಳಿಗೆಯಲ್ಲೇ ಬಿಟ್ಟು, ಕೈಗೆ ಸಿಕ್ಕ ಬೆತ್ತದಿಂದ ಹಲಗೆಗೆ ಎರಡು ಸಲ ತಟ್ಟಿದ್ದರು. ಅವರು ಕೋಲನ್ನು ನೋಡಿದರು, ನಳಿಗೆಯನ್ನು ನೋಡಿದರು, ಬಿಳಿಚಿಕೊಂಡು ಕೂತುಬಿಟ್ಟರು. ಸೊಸೆಯ ಕೈ ಹಿಡಿದು, ಬೇಟೀ ನಿನಗೆ ಏನಾದರೂ ಆಗಿದ್ದರೆ ಎಂದು ಅಷ್ಟೇ ಹೇಳಿದರು.

ಆಗ ಕೆಳಗಿನಿಂದ ಅತ್ತೆಯ ಸ್ವರ ಬಂತು. ಶಬ್ದ ಕೇಳಿ ಓಡಿ ಬಂದಿದ್ದರು. ಗದ್ದೆಯ ನಡುವೆ ಒಂದು ಬೆದರುಗೊಂಬೆ ಇತ್ತು, ಮೈಗೆ ಅತ್ತೆಯದೇ ಹಳೆಯ ಸೀರೆ, ತಲೆಗೆ ಸುಣ್ಣದ ಬೊಟ್ಟಿಟ್ಟ ಮಡಿಕೆ. ಹಾರಿದ ಗಜ ಆ ತಲೆಯನ್ನೇ ಹಾರಿಸಿಕೊಂಡು ಹೋಗಿ ಆಚೆಯ ಕಲ್ಲುಗೋಡೆಗೆ ಬಡಿದು ತುಂಡಾಗಿತ್ತು. ಅತ್ತೆ ತಮ್ಮ ಸೀರೆ ಉಟ್ಟು ತಲೆಯಿಲ್ಲದೆ ನಿಂತ ಗೊಂಬೆಯನ್ನು ನೋಡಿದರು, ಮಾಳದ ಮೇಲಿನ ಸೊಸೆಯನ್ನು ನೋಡಿದರು.

"ಗುರಿ ಇಟ್ಟದ್ದು ಹಂದಿಗೋ, ನಂಗೋ?"

ಹೆದರಿಕೆಯೆಲ್ಲ ಒಂದೇ ಸಲ ನಗುವಾಗಿ ಒಡೆಯಿತು. ಸೊಸೆ ಕೋವಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡಳು. ಸಾಹೇಬರ ಗಡ್ಡ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಮಾಳವೇ ಅಲುಗಾಡಿತು. ಕೊನೆಗೆ ಅತ್ತೆಯೂ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು ನಕ್ಕರು, ನಗುತ್ತಲೇ ಬೈದರು.

ಹಂದಿಗಳೇನೋ ಓಡಿದ್ದವು. ಆದರೆ ಬಾಯಿಗೆ ಶೇಂಗಾ ರುಚಿ ಹತ್ತಿದ ಮೇಲೆ ಅವು ಮತ್ತೆ ಬರುತ್ತವೆ. ಭಾನುವಾರ ಹತ್ತಿರವಿತ್ತು, ನಮ್ಮ ಹತ್ತಿರ ಗಜವಿರಲಿಲ್ಲ. ಬಿದಿರು ಕಡ್ಡಿ ಹಾಕಿದರೆ ನಳಿಗೆಯೊಳಗೇ ಮುರಿಯುತ್ತದೆ. ಸೊಸೆ ಮುರಿದ ಗಜದ ತುಂಡುಗಳನ್ನು ಚೀಲಕ್ಕೆ ಹಾಕಿಕೊಂಡು ಕಾಸರಕೋಡಿಗೆ ಬಸ್ಸು ಹತ್ತಿದಳು.

ಮರುದಿನ ಸಂಜೆ ಬಂದಳು, ಕೈಯಲ್ಲಿ ಈ ಕಪ್ಪು ಗಜ. ಅವಳ ಅಪ್ಪ ತಾಳೆಯ ಜಾತಿಯ ಬೈನೆ ಮರದ ಕಪ್ಪು ಸೀಳನ್ನು ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನಯ ಮಾಡಿ, ದೋಣಿಯ ಹಲಗೆಗೆ ಹಚ್ಚುವ ಮೀನೆಣ್ಣೆಯನ್ನು ಅದಕ್ಕೂ ತಿಕ್ಕಿ ಕೊಟ್ಟಿದ್ದರು. ಉಕ್ಕಿನ ಹಾಗೆ ಗಟ್ಟಿ. ಆದರೆ ವಾಸನೆ! ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಹೊನ್ನಾವರದಿಂದ ಕುಮಟೆಯವರೆಗೂ ಖಾಲಿಯಂತೆ. ನಮ್ಮ ಮನೆಯ ಬೆಕ್ಕು ಗಜದ ಹಿಂದೆಯೇ ತಿರುಗತೊಡಗಿತು. ಹಂದಿಯ ಮೂಗು ಬಹಳ ಚುರುಕು, ಈ ವಾಸನೆಗೆ ಅದು ಮುರ್ಡೇಶ್ವರದಿಂದಲೇ ಹಿಂದಕ್ಕೆ ತಿರುಗುತ್ತದೆ ಎಂದರು ಸಾಹೇಬರು.

ಸೊಸೆ ಅಂಗಳದ ಧೂಳು ತೆಗೆದು ಗಾಳಿಗೆ ಬಿಟ್ಟು ನೋಡಿದಳು. ಈ ಸಂಜೆಯ ಗಾಳಿ ಹೊಳೆಯಿಂದ ಗುಡ್ಡಕ್ಕೆ ಹತ್ತುತ್ತದೆ, ಬೆಳಗಿನ ಗಾಳಿ ಗುಡ್ಡದಿಂದ ಇಳಿದು ಹೊಳೆಗೆ ಹೋಗುತ್ತದೆ, ದೋಣಿಯವರೆಲ್ಲ ಆ ಗಾಳಿ ಹಿಡಿದೇ ಸಮುದ್ರಕ್ಕೆ ಇಳಿಯುವುದು, ಹಾಗಾಗಿ ಮಾಳ ಬಿಟ್ಟು ಹೊಳೆಯ ಕಡೆಯ ಬದುವಿನ ಕೆಳಗೆ ಕೂತರೆ ನಮ್ಮ ವಾಸನೆಯೆಲ್ಲ ಹೊಳೆಗೆ, ಹಂದಿಯ ವಾಸನೆ ನಮಗೆ ಎಂದಳು. ಇಷ್ಟು ವರ್ಷ ಮಾಳದಲ್ಲಿ ಕೂತ ನಮಗೆ, ನಿಮ್ಮ ಅಜ್ಜನಿಗೂ, ಇದು ಹೊಳೆದಿರಲಿಲ್ಲ. ಮಾಳ ಇದ್ದ ಮೇಲೆ ಮಾಳದಲ್ಲಿ ಕೂರುವುದು, ಅಷ್ಟೇ ನಮ್ಮ ತಿಳಿವಳಿಕೆ.

ಶನಿವಾರ ನಸುಕಿನಲ್ಲಿ ಬದುವಿನ ಕೆಳಗೆ ಕೂತೆವು. ಸಾಹೇಬರ ಬೆತ್ತವನ್ನು ಅತ್ತೆ ಹಿಂದಿನ ಸಂಜೆಯೇ ಕಸಿದುಕೊಂಡು ತಮ್ಮ ಮನೆಯ ಮೂಲೆಯಲ್ಲಿ ಇಟ್ಟುಕೊಂಡಿದ್ದರು. ಇಬ್ಬನಿಗೆ ಸೀರೆಯೆಲ್ಲ ಒದ್ದೆ. ಮಸಿಯ ಡಬ್ಬಿಯನ್ನು ನಾನು ಮಡಿಲಲ್ಲಿ ಬೆಚ್ಚಗೆ ಇಟ್ಟುಕೊಂಡಿದ್ದೆ. ಸಾಹೇಬರು ತುಂಬಿದರು, ಗುದ್ದಿದರು, ಗಜ ಎಳೆದು ತೆಗೆದು ಸೊಸೆಯ ಕಣ್ಣ ಮುಂದೆ ಹಿಡಿದು ತೋರಿಸಿದರು. ಆಮೇಲೆ ಬದುವಿನ ಕಲ್ಲಿಗೆ ಟಕ್ ಟಕ್. ನಿಮ್ಮ ಅಜ್ಜನ ಕಾಲದ ನಂತರ ನನಗೆ ಅಷ್ಟು ಹಿತವಾಗಿ ಕೇಳಿದ ಶಬ್ದ ಇನ್ನೊಂದಿಲ್ಲ.

ಮೊದಲು ವಾಸನೆ ಬಂತು, ಅವಳು ಹೇಳಿದ ಹಾಗೆಯೇ. ಆಮೇಲೆ ಹಂದಿಗಳು. ಮುಂದೆ ಒಂದು ದೊಡ್ಡ ಗಂಡು, ಹಿಂದೆ ಉಳಿದವು. ಶೇಂಗಾ ಸಾಲಿಗೆ ಮೂತಿ ಹಾಕಲು ತಲೆ ತಗ್ಗಿಸಿತು. ಸೊಸೆ ಕೇಪು ಇಟ್ಟು, ಕಣ್ಣು ಬಿಟ್ಟುಕೊಂಡೇ ಹೊಡೆದಳು.

ಮತ್ತೆ ಅದೇ ಬಿಳೀ ಗೋಡೆ. ಯಾರಿಗೂ ಏನೂ ಕಾಣದು. ಬಿತ್ತೋ ಇಲ್ಲವೋ ಎಂದು ಸಾಹೇಬರು ಪಿಸುಗುಟ್ಟಿದರು. ಓಡುವ ಕಾಲುಗಳ ಸಪ್ಪಳ ಗುಡ್ಡದ ಕಡೆಗೆ ಹೋಗಿ ನಿಂತಿತು. ಗಾಳಿ ಹೊಗೆಯನ್ನು ನಿಧಾನಕ್ಕೆ ನಮ್ಮ ತಲೆಯ ಮೇಲಿಂದ ಹೊಳೆಗೆ ಒಯ್ದಿತು. ಹಂದಿ ಸಾಲಿನ ಅಂಚಿನಲ್ಲೇ ಅಡ್ಡ ಬಿದ್ದಿತ್ತು, ಅಲುಗಾಡಲಿಲ್ಲ. ಸೊಸೆ ಅದರ ಹತ್ತಿರ ಹೋಗಿ ಬಗ್ಗಿ, ಅದರ ಗೊರಸಿನಡಿ ಮಗುಚಿದ್ದ ಒಂದು ಶೇಂಗಾ ಗಿಡವನ್ನು ಎತ್ತಿ ನೆಟ್ಟಗೆ ಕೂರಿಸಿ ಮಣ್ಣು ಒತ್ತಿದಳು.

ಅರಣ್ಯ ಇಲಾಖೆಯ ಗಾರ್ಡ್ ಬಂದು ನೋಡಿ ಬರೆದುಕೊಂಡು, ನಿಯಮದ ಹಾಗೆ ಅದನ್ನು ಹೂಳಿಸಿ ಹೋದರು. ಉಳಿದ ಹಂದಿಗಳು ಆ ಬೆಳೆ ಮುಗಿಯುವವರೆಗೆ ಈ ಕಡೆ ತಲೆ ಹಾಕಲಿಲ್ಲ.

ಭಾನುವಾರ ಟೆಂಟಿನವರು ಅಳೆಯುವ ಟೇಪು ಹಿಡಿದು ಬಂದರು. ಅತ್ತೆ ಅವರನ್ನು ಜಗಲಿಯಲ್ಲಿ ಕೂರಿಸಿ, ಉಪ್ಪು ಹಾಕಿ ಬೇಯಿಸಿದ ಹಸಿ ಶೇಂಗಾವನ್ನು ತಟ್ಟೆ ತುಂಬ ತಂದಿಟ್ಟರು. ಅವರು ತಿಂದು ಟೇಪು ಬಿಚ್ಚಲು ಹೋದಾಗ ಹೇಳಿದರು:

"ಗದ್ದೆ ಕೊಡೂಕೆ ಆಗೂದಿಲ್ಲ ಮಾರಾಯ್ರೆ. ನಮ್ಮ ಮನೇಲಿ ಕೋವಿ ಹೊಡಿಯೂ ಸೊಸೆ ಅದೆ. ನಾ ಕೊಡ್ತೆ ಅಂದ್ರೂ ಅವಳು ಬಿಡೂದಿಲ್ಲ."

ಬೇಲಿಯ ಈಚೆ ನಿಂತು ಕೇಳುತ್ತಿದ್ದ ಸೊಸೆ ನನ್ನ ಭುಜ ಹಿಡಿದು ಅಲ್ಲೇ ಎರಡು ಸುತ್ತು ತಿರುಗಿಸಿದಳು. ನನಗೆ ತಲೆ ತಿರುಗಿ ತುಳಸಿಕಟ್ಟೆ ಹಿಡಿದುಕೊಂಡೆ.

ಸಾಹೇಬರಿಗೆ ಈಗ ಅವರದೇ ಕೋವಿ ಬಂದಿದೆ. ಹೊಸಬರು ಯಾರಾದರೂ ಲೈಸೆನ್ಸ್ ತಂದು ಕಲಿಸಿ ಎಂದರೆ ಅಂಗಳದಲ್ಲಿ ಅದೇ ಪಿವಿಸಿ ಪೈಪು ಇಟ್ಟು ಸೊಸೆಯೂ ಸಾಹೇಬರೂ ಪಾಠ ಮಾಡುತ್ತಾರೆ. ಗಜದ ಪಾಠ ಬಂದಾಗ ಸಾಹೇಬರು ತಮ್ಮ ಬೆತ್ತವನ್ನು ತಾವೇ ತೆಗೆದುಕೊಂಡು ಹೋಗಿ ಅತ್ತೆಯ ಕೈಗೆ ಕೊಟ್ಟು ಬಂದು ಆಮೇಲೆ ಶುರುಮಾಡುತ್ತಾರೆ. ನಾನು ಜಗಲಿಯಲ್ಲಿ, ಎಲ್ಲರ ಎದುರಿಗೇ, ಕೂತು ನಗುತ್ತೇನೆ.

ಈ ಹಾಳೆಗಳನ್ನು ಅವಳ ಗದ್ದೆಯ ಶೇಂಗಾ ಚೀಲದೊಳಗೆ ಇಟ್ಟು ನಿಮ್ಮ ಅಪ್ಪನ ಕೈಲಿ ಕಳಿಸುತ್ತಿದ್ದೇನೆ. ಶೇಂಗಾ ತಿನ್ನಿ, ಸಿಪ್ಪೆ ಒಲೆಗೆ ಹಾಕಿ. ಹಾಳೆಗಳನ್ನು ಮಾತ್ರ ಸಿಪ್ಪೆಯ ಜೊತೆ ಸೇರಿಸಬೇಡಿ. ನಾನು ಮಸಿ ಇಡುವ ಹಾಗೆ ಇಡಿ, ತೇವ ತಾಗದಂತೆ ಡಬ್ಬಿಯಲ್ಲಿ, ಬೆಂಕಿಯಿಂದ ದೂರ. ಮುಂದೆ ಯಾರಾದರೂ ಮಕ್ಕಳು ಗಾಜಿಗೆ ಮೂಗು ಒತ್ತಿ ಆ ಕೋಲು ಯಾಕೆ ಕಪ್ಪು ಎಂದು ಕೇಳಿದರೆ ತೆಗೆದು ಓದಿ ಹೇಳಲು ಬೇಕಾಗುತ್ತದೆ.